ಲೆಕ್ಕಕ್ಕೆ ಬಾರದ ಕಿಟಕಿಗಳು

ಜಿಪ್ಸಮ್ ಬೋರ್ಡಿನ ಗೋಡೆ ಕಟ್ಟುವುದರಲ್ಲಿ ಬೋರ್ಡಣ್ಣನದು ಎತ್ತಿದ ಕೈ. ಬೋರ್ಡನ್ನು ಇಡಿಯಾಗಿ ಜಡಿದು, ಆಮೇಲೆ ಕಿಟಕಿಯಷ್ಟು ಜಾಗ ಕತ್ತರಿಸಿ ತೆಗೆಯುವುದು ಅವನ ಪದ್ಧತಿ; ಮೂಲೆಯಲ್ಲಿ ಬಿರುಕೇ ಬಿಡದು. ಕಂಟ್ರಾಕ್ಟರ್ ಮಾತ್ರ ಕೂಲಿ ಕೊಡುವಾಗ ಕಿಟಕಿಗಳ ಅಳತೆಯನ್ನು ಮುರಿದುಕೊಂಡ.

"ತೂತಿಗೆಲ್ಲ ದುಡ್ಡು ಕೊಡಕ್ಕಾಗುತ್ತೇನಯ್ಯಾ?" ಎಂದು ನಕ್ಕ.

ಬೋರ್ಡಣ್ಣ ಮರುದಿನ ಭಾವಮೈದುನನ ಜೊತೆ ಕಿಟಕಿಗಳಿಗಾಗಿ ಕತ್ತರಿಸಿ ತೆಗೆದ ತುಂಡುಗಳನ್ನೆಲ್ಲ ಹೊತ್ತು ಮೂರನೇ ಮಹಡಿಯ ಕಂಟ್ರಾಕ್ಟರನ ಆಫೀಸಿಗೆ ಹತ್ತಿ, ಬಾಗಿಲಿಗೆ ಅಡ್ಡಲಾಗಿ ಎದೆಮಟ್ಟ ಪೇರಿಸಿದ.

"ಏನೋ ಈ ಕಸ?" ಒಳಗಿದ್ದ ಕಂಟ್ರಾಕ್ಟರ್ ಅರಚಿದ.

"ಕಸ ಅಲ್ಲ ಸಾರ್, ನಿಮ್ಮ ತೂತುಗಳು. ಹೊತ್ತಿದ್ದೂ ನಾನೇ, ಜಡಿದಿದ್ದೂ ನಾನೇ. ಲೆಕ್ಕಕ್ಕಿಲ್ಲ ಅಂದ್ಮೇಲೆ ನೀವೇ ಇಟ್ಕೊಳ್ಳಿ."

ರಾಶಿಯ ಮೇಲಿಂದ ನೋಟು ಹಿಡಿದ ಕೈ ಹೊರಚಾಚಿತು. "ತಗೊಂಡು ದಾರಿ ಬಿಡಪ್ಪ!"

ಬೋರ್ಡಣ್ಣ ಎಣಿಸಿ ಜೇಬಿಗಿಳಿಸಿದ.

"ಗೋಡೆ ಕೂಲಿ ಸರಿಹೋಯ್ತು ಸಾರ್. ಇನ್ನು ಇದನ್ನ ಕೆಳಗಿಳಿಸೋಕೆ ಎಷ್ಟು ಕೊಡ್ತೀರಾ?"