ಲಿಂಗಪೂಜೆಯ ಹೊತ್ತಿಗೆ ಇಳಿದ ಶೇರು

ಖಾನಾಪುರದಲ್ಲಿ ತವರಿನ ಜಾಗ ಮಾರಿ ಬಂದ ಹಣದಲ್ಲಿ ಅರ್ಧ ನನ್ನದು, ಅರ್ಧ ತಂಗಿಯದು. ಅಲ್ಲಿಯೇ ಇರುವ ಅವಳು ಮಳೆಗಾಲ ಮುಗಿದ ಮೇಲೆ ತನ್ನ ಬೇರೊಂದು ಜಾಗದಲ್ಲಿ ಮನೆ ಕಟ್ಟಿಸುವವಳಿದ್ದಳು. ಅಲ್ಲಿಯವರೆಗೆ ಹಣ ಸುಮ್ಮನೆ ಯಾಕಿರಬೇಕೆಂದು ಎರಡೂ ಪಾಲನ್ನು ನನ್ನ ಹೆಸರಿನಲ್ಲಿ ಒಂದೇ ಕಂಪನಿಯ ಶೇರಿಗೆ ಹಾಕಿದ್ದೆವು. ಗಾಡಿಗಳಿಗೆ ಚಿಪ್ ಮಾಡುವ ಕಂಪನಿ. ಇನ್ನು ಮುಂದೆ ಚಿಪ್ ಇಲ್ಲದೆ ಏನೂ ನಡೆಯುವುದಿಲ್ಲ ಎಂದು ಯಜಮಾನರು ಹೇಳಿದ್ದರು. ನಾನೂ ನಂಬಿದ್ದೆ.

ಆ ಬೆಳಿಗ್ಗೆ ಟಿಳಕವಾಡಿಯ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ ಅವರೇ ಸುದ್ದಿ ಓದಿದರು. ಆ ಕಂಪನಿಯ ದೊಡ್ಡ ಗಿರಾಕಿಗಳು ಇನ್ನು ತಮ್ಮ ಚಿಪ್ ತಾವೇ ಮಾಡಿಕೊಳ್ಳುತ್ತಾರಂತೆ.

"ಏನೂ ಆಗಂಗಿಲ್ಲ ತಗೋ. ಒಂದೆರಡ ದಿನ ಬೀಳತೈತಿ, ಮತ್ತ ಏಳತೈತಿ."

"ನಮ್ಮ ಲೇಥ್ ಶೆಡ್ಡಿಗೂ ಹಿಂಗ ಅಂದಿದ್ರಲ್ಲಾ?" ಎಂದೆ.

ಒಂದು ಪಂಪಿನ ಕಂಪನಿ ಕೊಡುತ್ತಿದ್ದ ಬಿಡಿಭಾಗ ಕಡೆಯುವ ಕೆಲಸದಿಂದಲೇ ನಮ್ಮ ಶೆಡ್ಡು ನಡೆಯುತ್ತಿತ್ತು. ಆ ಕಂಪನಿ ಸ್ವಂತ ಮಷೀನು ತಂದ ವರ್ಷವೇ ನಮ್ಮ ಬಾಗಿಲಿಗೆ ಬೀಗ ಬಿತ್ತು. ಯಜಮಾನರು ಕಪ್ಪು ಕೆಳಗಿಟ್ಟು ಫೋನಿನಲ್ಲಿ ಶೇರಿನ ದರ ಹುಡುಕತೊಡಗಿದರು.

ಮಾರ್ಕೆಟ್ ತೆರೆಯುವ ಹೊತ್ತಿಗೆ ನಾನು ಪೂಜೆಗೆ ಕುಳಿತಿದ್ದೆ. ಲಿಂಗ ಅಂಗೈಮೇಲಿದ್ದಾಗ ನಮ್ಮ ಮನೆಯಲ್ಲಿ ಮಾತಿಲ್ಲ, ಸನ್ನೆಯೂ ಇಲ್ಲ. ಹೊರಗಿನಿಂದ ಅವರ ದನಿ ಬಂತು.

"ಭಾಳ ಇಳ್ಯಾಕತ್ತೈತಿ." ಸ್ವಲ್ಪ ತಡೆದು, "ಮಾರೂಣೇನ? ಇರ್ಲಿ, ನೀ ಎದ್ದ ಬಾ. ಅವಸರ ಮಾಡಬ್ಯಾಡ."

ಅವಸರವೆಲ್ಲ ಅವರ ದನಿಯಲ್ಲೇ ಇತ್ತು. ನಾನು ಲಿಂಗವನ್ನೇ ದಿಟ್ಟಿಸುತ್ತಿದ್ದೆ, ಕಾಣುತ್ತಿದ್ದದ್ದು ತಂಗಿ ಮನೆಗೆಂದು ಗುರುತು ಹಾಕಿಸಿಟ್ಟ ಜಾಗ. ಬೇಗ ಮುಗಿಸಿಬಿಡಲೇ ಅನಿಸಿತು. ಆದರೂ ಭಸ್ಮ, ಪತ್ರಿ, ಯಾವುದನ್ನೂ ಬಿಡಲಿಲ್ಲ.

ಎದ್ದು ಬಂದವಳೇ ಹೇಳಿದೆ: "ತಂಗೀದಷ್ಟು ಮಾರ್ರಿ. ಈಗಿಂದೀಗ."

"ನಿಂದು?"

"ನಂದಿರ್ಲಿ. ನಿಮ್ಮ ಮಾತರೆ ಖರೇ ಆಗ್ಲಿ."

ಮಾರಿದ ಮೇಲೆ ತಂಗಿಗೆ ಫೋನ್ ಮಾಡಿದೆ. ಕೊಂಡದ್ದಕ್ಕಿಂತ ಕಡಿಮೆ ಬಂತೆಂದು ಹೇಳಿದೆ.

"ಅಕ್ಕಾ, ಮನಿ ಹೋತೇನು?"

"ಮನಿ ಆಕ್ಕೈತವ್ವಾ. ಮ್ಯಾಲಿನ ಖೋಲಿ ಆಗಂಗಿಲ್ಲ."

"ಛಲೋ ಆತು ಬಿಡು. ಮ್ಯಾಲ ಖೋಲಿ ಇದ್ದಿದ್ರ ನೀವಿಬ್ರೂ ಬಂದು ಅಲ್ಲೇ ಠಿಕಾಣಿ ಹಾಕ್ತಿದ್ರಿ!"

ನಗುತ್ತಲೇ ಕಣ್ಣೊರೆಸಿಕೊಂಡೆ.

ನನ್ನ ಪಾಲು ಇನ್ನೂ ಆ ಕಂಪನಿಯಲ್ಲೇ ಇದೆ. ಅದಕ್ಕೆ ಹೊಸ ಗಿರಾಕಿ ಸಿಗುತ್ತಾರೋ, ನಮ್ಮ ಶೆಡ್ಡಿನ ಗತಿಯೇ ಬರುತ್ತದೋ, ಶಿವನಿಗೇ ಗೊತ್ತು. ಯಜಮಾನರು ಮಾತ್ರ ಈಗ ನನ್ನ ಪೂಜೆ ಮುಗಿಯುವವರೆಗೆ ಫೋನು ಮುಟ್ಟುವುದಿಲ್ಲ.