ಬಾಟಲಿ ಬಾಳೇಶ ಸರ್

ರಬಕವಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ಬಾಳೇಶ ಸರ್ ಮದುವೆಮನೆಯಲ್ಲೂ ಬೀಗರ ಕ್ಷೇಮ ಕೇಳದೆ, "ನೂಲಿಗೆ ಬಣ್ಣಾ ಹಾಕಿ ಚೆಲ್ಲೂ ನೀರು ಒಂದ್ ಬಾಟ್ಲಿ ಕೊಡ್ರಿ" ಅಂತಾರೆ. ಒಂದು ಬದಿಗೆ ಆ ನೀರು, ಇನ್ನೊಂದು ಬದಿಗೆ ಆಮ್ಲ, ನಡುವೆ ತಾಮ್ರ ಹಿಡಿಯುವ ರಾಸಾಯನಿಕ ಬೆರೆಸಿದ ಸೀಮೆಎಣ್ಣೆಯ ತೆಳು ಪದರ ಇಟ್ಟು, ಬಣ್ಣದಿಂದ ನೀರಿಗೆ ಸೇರಿದ ವಿಷದಂಥ ತಾಮ್ರವನ್ನು ಆಮ್ಲದ ಕಡೆಗೆ ಎಳೆದು ತೆಗೆಯುವುದೇ ಅವರ ಹುಚ್ಚು. "ಎಣ್ಣಿ ಅಂದ್ರ ಊರ ಅಗಸಿ ಬಾಗಿಲ್ರಿ, ತಾಮ್ರಾ ಅಷ್ಟ ದಾಟಾಕ ಬಿಡತೈತಿ!" ಮನೆ ತುಂಬ ಬಾಟಲಿಗಳಾಗಿ, ಹೆಂಡತಿ ಸಂಧ್ಯಾ ಉಪ್ಪಿನಕಾಯಿ ಭರಣಿಗೆ "ಇದು ತಿನ್ನೂದು" ಎಂದು ಚೀಟಿ ಅಂಟಿಸಿದ್ದಾರೆ. ಮೊನ್ನೆ ಕೊನೆಗೂ ಚಿಟಿಕೆ ತಾಮ್ರ ಸಿಕ್ಕಿತು. ಸರ್ ಓಡಿಹೋಗಿ ತೋರಿಸಿದ್ದು ತಾಯಿ ಕರೆವ್ವನಿಗೆ. ಆಕೆ ಇಪ್ಪತ್ತು ವರ್ಷ ನೂಲಿನ ಬಣ್ಣದ ನೀರನ್ನು ಹಳ್ಳಕ್ಕೆ ಸುರಿದ ಕೂಲಿಯಾಕೆ. "ನಾ ಚೆಲ್ಲಿದ್ದನ್ನೂ ತಗಿಯಾಕ ಬರ್ತೈತೇನೋ ಯಪ್ಪಾ?" ಅಂದಳು ಮುದುಕಿ. ಸರ್ ಆ ಚಿಟಿಕೆ ತಾಮ್ರವನ್ನು ಆಕೆಯ ಅಂಗೈಯಲ್ಲಿಟ್ಟು ಪಕ್ಕ ಕುಳಿತುಬಿಟ್ಟರು.