ಕಂಪಾಸ್ ಪೆಟ್ಟಿಗೆಯ ವಾಲ್

ಆಗ ಹುನಗುಂದದಲ್ಲಿ ಬಾಡಿಗೆ ಕಾರು ಅಂದರೆ ಬಸ್‌ಸ್ಟ್ಯಾಂಡ್ ಎದುರಿನ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದ ನಾಲ್ಕೇ ಕಾರು. ಅದರಲ್ಲೊಂದು ನಮ್ಮಪ್ಪ ಶಂಕ್ರಪ್ಪನದು. ಊರಿನ ಅರ್ಧ ಮದುಮಕ್ಕಳು ಅದರಲ್ಲೇ ಕೂತು ಹೋದವರು. ನಾನು ಐದನೇ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ಅದರ ಎಂಜಿನ್ ಹೊಗೆ ಕಾರಿ ಕೂತುಬಿಟ್ಟಿತು.

ಅದನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿದವರು ಮೌಲಾಸಾಬ ಕಾಕಾ. ಅಪ್ಪನ ಸಾಲಿ ಗೆಳೆಯ, ಊರಿಗೇ ಹೆಸರಾದ ಮೇಸ್ತ್ರಿ. ರಜೆಯೆಲ್ಲ ನಾನು ಅವರ ಗ್ಯಾರೇಜಿನಲ್ಲೇ. ಸೀಮೆಎಣ್ಣೆಯಲ್ಲಿ ತೊಳೆದ ನಟ್ಟುಗಳ ವಾಸನೆ, ಸಂಜೆ ನಾಲ್ಕಕ್ಕೆ ಪೇಪರಿನಲ್ಲಿ ಕಟ್ಟಿಸಿ ತರುತ್ತಿದ್ದ ಗಿರಮಿಟ್, ಅದರ ಮೇಲೆ ಕಚ್ಚಿಕೊಳ್ಳಲು ಒಂದು ಮಿರ್ಚಿ. ಹಳೆ ಬೇರಿಂಗಿನ ಗುಂಡುಗಳೇ ನನ್ನ ಗೋಲಿ. ಹೆಣ್ಣು ಹುಡುಗಿಗೆ ಗ್ಯಾರೇಜಿನಲ್ಲಿ ಏನು ಕೆಲಸ ಅಂತ ಅವ್ವ ಬೈಯುತ್ತಿದ್ದಳು. ಕಾಕಾ ಒಂದು ದಿನವೂ ಹೋಗು ಅನ್ನಲಿಲ್ಲ.

ಎಂಜಿನ್ ಮುಗಿಯುವ ದಿನ ಕಾಕಾ ಥರ್ಮೋಸ್ಟ್ಯಾಟ್ ಅನ್ನುವ ಒಂದು ಹಿತ್ತಾಳೆಯ ವಾಲ್ ತೋರಿಸಿದರು, ಅಂಗೈಯಲ್ಲಿ ಹಿಡಿಸುವಷ್ಟು. ಚಹಾಕ್ಕಿಟ್ಟ ಕುದಿನೀರಿನಲ್ಲಿ ಅದನ್ನು ಬಿಟ್ಟರು. ಮುಚ್ಚಿದ್ದದ್ದು ಮೆಲ್ಲಗೆ ತೆರೆಯಿತು.

“ಎಂಜಿನ್ ಕಾಯೂತನಕ ಇದು ಬಾಗಲಾ ಹಾಕ್ಕೊಂಡಿರ್ತತಿ ಅವ್ವಿ. ಕಾದ ಮ್ಯಾಲ ತಗದು, ನೀರನ್ನ ರೇಡಿಯೇಟರಿಗೆ ಕಳಸ್ತತಿ. ಹಿಡಿ, ನೀನ ಕೂಡಸು,” ಅಂದರು.

ನಾನೇ ಕೂರಿಸಿದೆ. ಮೇಲಿನ ಮುಚ್ಚಳ ಅವರು ಬಿಗಿದರು, ಹಸಿರು ಕೂಲಂಟ್ ತುಂಬಿದರು. ಅವತ್ತು ನನ್ನಷ್ಟು ದೊಡ್ಡ ಮೇಸ್ತ್ರಿ ಜಿಲ್ಲೆಯಲ್ಲಿ ಇರಲಿಲ್ಲ.

ಮರುದಿನ ಬೇವಿನ ಮರದ ಕೆಳಗಿನ ಡ್ರೈವರುಗಳು ಅಪ್ಪನಿಗೆ ಬುದ್ಧಿ ಹೇಳಿದರು. ವಾಲ್ ಇರುವುದು ಚಳಿ ಊರಿನ ಗಾಡಿಗೆ, ನಮ್ಮ ಬಿಸಿಲಿಗೆ ಅದು ಅಡ್ಡ, ತೆಗೆದು ಒಗೆದರೆ ನೀರು ಸರಾಗ ಓಡಿ ಎಂಜಿನ್ ತಂಪಾಗಿರುತ್ತದೆ ಅಂತ. ನಮ್ಮ ಕಡೆ ಇದು ಎಲ್ಲರೂ ಮಾಡುವ ಕೆಲಸವೇ. ಕೆಲವು ಗಾಡಿಗೆ ನಡೆದೂ ಹೋಗುತ್ತದೆ. ಅಪ್ಪ ಮನೆಯಂಗಳದಲ್ಲಿ ತಾನೇ ಮುಚ್ಚಳ ಬಿಚ್ಚಿ ವಾಲ್ ತೆಗೆದು ತಿಪ್ಪೆಗೆ ಎಸೆದ. ನಾನು ಆರಿಸಿಕೊಂಡು ಬಂದು ಕಂಪಾಸ್ ಪೆಟ್ಟಿಗೆಯಲ್ಲಿಟ್ಟೆ. ಅಷ್ಟು ಚಂದದ ವಸ್ತು ತಿಪ್ಪೆಗೆ ಯಾಕೆ ಅನ್ನಿಸಿತ್ತು, ಅಷ್ಟೇ.

ಆ ವಾರವೇ ಮದುವೆಯ ಬೀಗರನ್ನು ಕೂರಿಸಿಕೊಂಡು ಬಾದಾಮಿಗೆ ಹೊರಟ ಕಾರು ಅಮೀನಗಡದಲ್ಲಿ, ಕರದಂಟಿನ ಅಂಗಡಿಗಳ ಮುಂದೆ, ಬುಸುಬುಸು ಆವಿ ಬಿಟ್ಟು ನಿಂತಿತು. ರೇಷ್ಮೆ ಸೀರೆಯ ಹೆಂಗಸರು ಬಿಸಿಲಲ್ಲಿ ಇಳಿದು ನಿಂತರು. ಬೀಗರು ಅಪ್ಪನಿಗೆ ಬಾಯಿಗೆ ಬಂದಂತೆ ಬೈದು ಬಸ್ ಹತ್ತಿದರು. ಅಪ್ಪ ಎಂಜಿನ್ ಆರಿಸಿ, ನೀರು ಸುರಿದು, ಹೆಜ್ಜೆಹೆಜ್ಜೆಗೆ ನಿಲ್ಲಿಸಿಕೊಂಡು ಊರಿಗೆ ಬಂದವನೇ ಬೇವಿನ ಮರದ ಕೆಳಗೆ ಮಂದಿಯ ಮುಂದೆ ಕಾಕಾನನ್ನು ಕರೆಸಿದ.

ಕಾಕಾ ಗಡಿಬಿಡಿ ಮಾಡಲಿಲ್ಲ. ಎಣ್ಣೆಯ ಕಡ್ಡಿ ಎಳೆದು ನೋಡಿದರು. ನೀರು ಕೂಡಿದ ಬಿಳುಪು ಇರಲಿಲ್ಲ. ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತದೆಯೇ ನೋಡಿದರು. ಇಲ್ಲ. ಅಂದರೆ ಒಳಗಿನ ಗ್ಯಾಸ್ಕೆಟ್ ಸರಿಯಾಗಿದೆ ಅಂದರು. ಎಂಜಿನ್ ಸುಡುತ್ತಿತ್ತು, ರೇಡಿಯೇಟರಿನ ಕೆಳಗಿನ ಪೈಪು ಮಾತ್ರ ಬೆಚ್ಚಗೂ ಇರಲಿಲ್ಲ. ಅದನ್ನು ಮುಟ್ಟಿದವರೇ ಎಂಜಿನ್ ಆರಲು ಬಿಟ್ಟು, ಮುಚ್ಚಳ ಬಿಚ್ಚಿದರು. ವಾಲ್ ಕೂರುವ ಜಾಗ ಖಾಲಿ.

ಈ ಎಂಜಿನ್ನಿನಲ್ಲಿ ವಾಲ್ ಇಲ್ಲದಿದ್ದರೆ ನೀರು ಹತ್ತಿರದ ದಾರಿ ಹಿಡಿದು ಅಲ್ಲಲ್ಲೇ ಸುತ್ತುತ್ತದೆ, ರೇಡಿಯೇಟರಿಗೆ ಹೋಗುವುದೇ ಇಲ್ಲ ಅಂತ ವಿವರಿಸಿ, ಯಾರು ತೆಗೆದದ್ದು ಅಂತ ಕೇಳಿದರು. ಬುದ್ಧಿ ಹೇಳಿದ ಡ್ರೈವರುಗಳು ಬೇವಿನ ಎಲೆ ಎಣಿಸತೊಡಗಿದರು.

“ಯಾರ ತಗೀತಾರ? ನೀನ ಹಾಕೂದ ಮರ್ತಿ,” ಅಂದ ಅಪ್ಪ.

ಕಾಕಾ ನನ್ನ ಕಡೆ ತಿರುಗಿ ನಕ್ಕರು. ಸಾಕ್ಷಿ ಇದೆಯಲ್ಲ ಅನ್ನುವ ಧೈರ್ಯದ ನಗು.

“ನೀನ ಕೂಡ್ಸಿದ್ಯಲ್ಲವಾ ಅವ್ವಿ? ಹೇಳು.”

ಅಪ್ಪ ನನ್ನನ್ನು ನೋಡಿದ. ಹೊಡೆಯುವ ನೋಟವಲ್ಲ. ಬೇಡಿಕೊಳ್ಳುವ ನೋಟ. ಅಪ್ಪ ಹಾಗೆ ನೋಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಅದಕ್ಕೇ ಹೆದರಿದೆ.

“ಇಲ್ಲ ಕಾಕಾ,” ಅಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಾಕಾ ತಮ್ಮ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡರು. ತಾವೇ ಹೊಸ ವಾಲ್ ತರಿಸಿ ಹಾಕಿ, ಕೂಲಂಟ್ ತುಂಬಿ, ಹೊರಟು ಹೋದರು. ಆಮೇಲೆ ಕಾರು ಎಂದೂ ಕಾದು ನಿಲ್ಲಲಿಲ್ಲ. ಅಪ್ಪ ಆ ಗ್ಯಾರೇಜಿನ ಕಡೆ ಹೋಗಲಿಲ್ಲ, ನಾನೂ ಹೋಗಲಿಲ್ಲ. ಮೌಲಾಸಾಬ ವಾಲ್ ಹಾಕುವುದನ್ನೇ ಮರೆತ ಅನ್ನುವುದು ಊರಿಗೆ ನಗೆಯ ಮಾತಾಯಿತು. ಎರಡು ವರ್ಷಕ್ಕೆ ಗ್ಯಾರೇಜಿನ ಬಾಗಿಲು ಮುಚ್ಚಿತು.

ಈಗ ಕಾರಿಗೆ ವೈರು ಚುಚ್ಚಿ ಪರದೆಯ ಮೇಲೆ ರೋಗ ಓದುತ್ತಾರೆ. ಅಂಗೈಯಿಂದ ಪೈಪು ಮುಟ್ಟಿ ಹೇಳುವವರು ನಮ್ಮೂರಲ್ಲಿ ಉಳಿದಿಲ್ಲ. ಹೋದ ವರ್ಷ ಕಾಕಾ ತೀರಿಕೊಂಡರು. ಅಪ್ಪನ ಜೊತೆ ನವನಗರದ ಅವರ ಮಗಳ ಮನೆಗೆ ಹೋದೆ. ವಾಲ್ ನನ್ನ ಚೀಲದಲ್ಲಿತ್ತು. ಅವತ್ತಾದರೂ ಹೇಳಿಬಿಡಬೇಕು ಅಂತಲೇ ಒಯ್ದಿದ್ದೆ.

ಅಪ್ಪ ಕಣ್ಣೊರೆಸಿಕೊಂಡು, ಅಂಥ ಕೈ ಇನ್ನು ಹುಟ್ಟುವುದಿಲ್ಲ, ಒಂದೇ ಒಂದು ಸಲ ಮರೆತ, ಅಷ್ಟೇ ಅಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಅದನ್ನು ನಂಬಿಬಿಟ್ಟಿದ್ದ.

ಕಾಕಾನ ಹೆಂಡತಿ ಕಾಕಿ ನನ್ನ ಕೈ ಹಿಡಿದುಕೊಂಡೇ ಹೇಳಿದರು: “ಅವತ್ತಿಂದ ಅವ್ರಿಗೆ ತಮ್ಮ ಕೈ ಮ್ಯಾಲ ನಂಬಿಗಿನ ಹೋತವ್ವಾ. ಕಟ್ಟಿದ ಎಂಜಿನ್ನ ಮತ್ತ ಬಿಚ್ಚಿ ನೋಡೂರು. ಒಂದು ದಿನದ ಕೆಲಸಕ್ಕ ನಾಕ ದಿನ. ಮಂದಿ ಎಷ್ಟಂತ ಕಾಯ್ತಾರ? ಶಂಕ್ರಪ್ಪ ಸುಳ್ಳ ಹೇಳಿರಬೇಕ್ರಿ ಅಂತ ನಾ ಅಂದ್ರ, ಅವಾ ಹೇಳ್ಯಾನು, ಆದ್ರ ಆ ಕೂಸು ಯಾಕ ಸುಳ್ಳ ಹೇಳ್ತತಿ ಅಂತಿದ್ರು.”

ಅಪ್ಪ ತಲೆ ತಗ್ಗಿಸಿ ಚಹಾ ಕುಡಿದ. ನಾನೂ ಕುಡಿದೆ. ವಾಲ್ ಚೀಲದಲ್ಲೇ ವಾಪಸ್ ಬಂತು.